ವಿದ್ಯಾಧನವು ಯಾರಿಗೆ ಸಲ್ಲತಕ್ಕುದು?
(ಎರಡು ಕನ್ನಡ ಕಥಾಗ್ರಂಥಗಳ ವಿಮರ್ಶೆ)

ವಿದ್ಯೆಯು ಕಳ್ಳರ ಕೈಗೆ ಸಿಕ್ಕದ ಧನವೆಂದು ನಮ್ಮ ಸುಭಾಷಿತಕಾರರು ತಲೆತಲಾಂತರದಿಂದ ಹೇಳುತ್ತ ಬಂದಿರುವರು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರೆಲ್ಲರೂ ಇದನ್ನು ಬಾಯಿಪಾಠ ಮಾಡಿದವರೇ ಸರಿ. ಆದರೆ ಸುಭಾಷಿತಕಾರನು ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ಧರ್ಮಶಾಸ್ತ್ರಕಾರನು ಕೇಳಿದನು. ವಿದ್ಯೆಯೇನೋ ಕಲಿತವನದು, ಆ ವಿದ್ಯೆಯಿಂದ ಬಂದ ಹಣವು ಯಾರದು? ಹುಡುಗನು ಯಾರ ಅನ್ನವನ್ನುಂಡು ಕಲಿತನು? ಅವನು ಓದುತ್ತಿದ್ದಾಗ ಗದ್ದೆಯನ್ನು ಉತ್ತವರು ಯಾರು, ದನ ಕಾಯ್ದವರು ಯಾರು, ಒಲೆಯ ಮುಂದೆ ಕುಳಿತವರು ಯಾರು? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣಪಟ್ಟಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನ ಮತವು ಸ್ಪಷ್ಟವಾಗಿದೆ. ಪಿತೃದ್ರವ್ಯಕ್ಕೆ ಹಾನಿಯಿಲ್ಲದೆ ಸಂಪಾದಿಸಿದ ವಿದ್ಯಾಧನವು ಸಂಪಾದಿಸಿದವನಿಗೇ ಸಲ್ಲುವುದು. ಮನೆತನದ ಹಣವನ್ನು ವೆಚ್ಚಮಾಡಿ ಕಲಿತುದಾದರೆ ಅದರ ಫಲದಲ್ಲಿ ಉಳಿದವರಿಗೂ ಪಾಲುಂಟು.

ಈ ನ್ಯಾಯವು ಶತಮಾನಗಳ ಕಾಲ ನಡೆಯಿತು. ಮನೆಯ ಹಣದಿಂದ ವಿಲಾಯತಿಯಲ್ಲಿ ಓದಿ ಐ.ಸಿ.ಎಸ್. ಅಧಿಕಾರಿಯಾದವನೊಬ್ಬನ ಸಂಪಾದನೆಯು ಅವಿಭಕ್ತ ಕುಟುಂಬದ ಸೊತ್ತೇ ಎಂದು 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪು ಕೊಟ್ಟಿತು. ಆದರೆ ಕಾಲವು ಬದಲಾಗಿತ್ತು. 1930ರಲ್ಲಿ ‘ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್’ ಎಂಬ ಕಾಯಿದೆಯು ಜಾರಿಗೆ ಬಂದಿತು. ಓದಿನ ವೆಚ್ಚವನ್ನು ಯಾರೇ ಕೊಟ್ಟಿರಲಿ, ಓದಿನಿಂದ ಬಂದ ಸಂಪಾದನೆಯು ಓದಿದವನ ಸ್ವಂತ ಸೊತ್ತು ಎಂಬುದೇ ಆ ಕಾಯಿದೆಯ ಸಾರ. ಕೆಲವೇ ಸಾಲುಗಳ ಈ ಕಾಯಿದೆಯನ್ನು ಕುರಿತು ನಮ್ಮಲ್ಲಿ ಹೆಚ್ಚು ಚರ್ಚೆ ನಡೆದಂತಿಲ್ಲ. ಆದರೂ ನಮ್ಮ ಮನೆಗಳ ಅರ್ಥಸ್ಥಿತಿಯ ದಿಕ್ಕನ್ನು ಬದಲಿಸಿದ ಶಾಸನಗಳಲ್ಲಿ ಇದೂ ಒಂದೆಂಬುದು ನನ್ನ ಅಭಿಪ್ರಾಯ.

ಇಂದು ಜಾಗತೀಕರಣವೆಂಬ ಹೆಸರಿನಿಂದ ಕರೆಯಲ್ಪಡುವ ವಿಶ್ವವಾಣಿಜ್ಯವೂ, ಶಾಲಾ ಕಾಲೇಜುಗಳ ವಿದ್ಯೆಯೂ ಸೇರಿ ದೇಶದ ಸಾಮಾಜಿಕ ಅರ್ಥವ್ಯವಸ್ಥೆಯನ್ನು ಹೇಗೆ ರೂಪಿಸುತ್ತವೆಂಬುದನ್ನು ಅರ್ಥಶಾಸ್ತ್ರಜ್ಞರು ಅಂಕಿಗಳಿಂದ ವಿವರಿಸುವರು. ಆ ಅಂಕಿಗಳಲ್ಲಿ ವರಮಾನವು ಕಾಣುವುದೇ ಹೊರತು ಋಣವು ಕಾಣುವುದಿಲ್ಲ. ವಿದ್ಯೆಯ ವೆಚ್ಚವು ಒಂದು ಮನೆಯಲ್ಲಿ, ಒಂದು ಊರಿನಲ್ಲಿ ಆಗುವುದು. ಅದರ ಫಲವು ದೂರದ ಪೇಟೆಯಲ್ಲಿ ಉದುರುವುದು. ಈ ನಡುವಿನ ಲೆಕ್ಕವನ್ನು ಬರೆದಿಡುವವರು ಯಾರು? ನಮ್ಮ ಭಾಷೆಯಲ್ಲಿ ಆ ಲೆಕ್ಕವನ್ನು ಬರೆದವರು ಕಾದಂಬರಿಕಾರರೇ ಎಂಬುದನ್ನು ಎರಡು ಗ್ರಂಥಗಳ ಆಧಾರದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಒಂದು, 1941ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. ಇನ್ನೊಂದು, 2013ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ನೀಳ್ಗತೆ.

ಕಾವ್ಯವನ್ನು ಕಡತದ ಹಾಗೆ ಓದುವುದು ಅರಸಿಕತೆಯಲ್ಲವೇ ಎಂದು ಪೂರ್ವಪಕ್ಷವು ಏಳಬಹುದು. ರಸವೇ ಕಾವ್ಯದ ಜೀವವೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಪುರುಷಾರ್ಥಗಳು ನಾಲ್ಕು. ಅವುಗಳಲ್ಲಿ ಅರ್ಥವೂ ಒಂದು. ಗೃಹಸ್ಥನ ಬಾಳನ್ನು ಚಿತ್ರಿಸಹೊರಟ ಗ್ರಂಥವು ಅವನ ಮನೆಗೆ ಅಕ್ಕಿ ಎಲ್ಲಿಂದ ಬಂದಿತೆಂಬುದನ್ನು ಹೇಳದಿದ್ದರೆ, ಅಲ್ಲಿಯ ಶೃಂಗಾರವೂ ಕರುಣವೂ ಗಾಳಿಯಲ್ಲಿ ತೂಗಾಡುವುವು. ಇವೆರಡು ಗ್ರಂಥಗಳ ಶಕ್ತಿಯು ಬಹುಮಟ್ಟಿಗೆ ಅಕ್ಕಿಯ ಮೂಲವನ್ನು ಮರೆಮಾಡದಿರುವುದರಲ್ಲಿಯೇ ಇದೆ.

ಮೊದಲು ‘ಮರಳಿ ಮಣ್ಣಿಗೆ’. ಕಡಲತಡಿಯ ಕೋಡಿಯ ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ, ಹೀಗೆ ಮೂರು ತಲೆಗಳ ಕಥೆಯಿದು. ಅಜ್ಜನದು ಪೌರೋಹಿತ್ಯ ಮತ್ತು ಬೇಸಾಯ. ಮಗನದು ಇಂಗ್ಲಿಷ್ ಓದು ಮತ್ತು ದುರ್ವ್ಯಸನ. ಮೊಮ್ಮಗನದು ಮದರಾಸಿನ ಓದು, ದೇಶದ ಚಳವಳಿ, ನಿರುದ್ಯೋಗ, ಕೊನೆಗೆ ಮಣ್ಣಿಗೆ ಮರಳುವಿಕೆ. ಇಷ್ಟನ್ನೇ ನೆನಪಿನಲ್ಲಿಟ್ಟು ಅನೇಕರು ಇದನ್ನು ಪೇಟೆಯ ನಿಂದೆಯೆಂದೂ ಹಳ್ಳಿಯ ಸ್ತುತಿಯೆಂದೂ ವರ್ಣಿಸುವುದುಂಟು. ಗ್ರಂಥವನ್ನು ನಿಧಾನವಾಗಿ ಓದಿದವರಿಗೆ ಹಾಗೆ ತೋರಲಾರದು.

ಏಕೆಂದರೆ ಈ ಕಾದಂಬರಿಯ ಹಳ್ಳಿಯು ಎಂದೂ ತನ್ನಷ್ಟಕ್ಕೆ ತಾನಿದ್ದ ಹಳ್ಳಿಯಲ್ಲ. ಕರಾವಳಿಯು ಬಹು ಹಿಂದಿನಿಂದಲೂ ವಿಶ್ವವಾಣಿಜ್ಯದ ಬಾಗಿಲು. ಸಮೀಪದ ಬಸರೂರಿನ ಬಂದರಿನಿಂದ ಹದಿನಾರು ಹದಿನೇಳನೆಯ ಶತಮಾನಗಳಲ್ಲಿಯೇ ಅಕ್ಕಿಯು ಹಡಗೇರಿ ಹೋಗುತ್ತಿತ್ತು. ಪೋರ್ತುಗೀಸರು ಆ ಅಕ್ಕಿಗಾಗಿ ಹೋರಾಡಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ನಮ್ಮ ಜೇಡಿಮಣ್ಣೇ ಸಮುದ್ರದಾಚೆಗೆ ಹೋಗತೊಡಗಿತು. ಮುಳಿಹುಲ್ಲಿನ ಮಾಡಿನ ಮನೆ ಬಡತನದ ಗುರುತಾಯಿತು. ಹಂಚಿನ ಮನೆ ಮೇಲ್ಮೆಯ ಗುರುತಾಯಿತು. ಕಾರಂತರ ಕಥೆ ನಡೆಯುವುದು ಇಂತಹ ನೆಲದಲ್ಲಿ. ಶೀನಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಇಡುವರು. ಆ ಹಣವು ಊರಿಗೆ ಬಂದೊಡನೆ ನೆರೆಹೊರೆಯಲ್ಲಿ ಸ್ಪರ್ಧೆ ಹುಟ್ಟುವುದು. ಐತಾಳನು ಮಗನನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿದುದರ ಹಿಂದೆ ಜ್ಞಾನದ ಹಂಬಲಕ್ಕಿಂತ ಈ ಮೇಲಾಟದ ನೆರಳೇ ಹೆಚ್ಚಾಗಿದೆ. ಒಂದು ಮನೆಯು ಹೋಟೆಲಿನಲ್ಲಿ ಹಣ ಹೂಡಿತು; ಇನ್ನೊಂದು ಮನೆಯು ಮಗನ ಓದಿನಲ್ಲಿ ಹೂಡಿತು. ವಿದ್ಯೆಯು ಇಲ್ಲಿ ಸರಸ್ವತಿಯ ಪ್ರಸಾದವಾಗಿ ಬರುವುದಿಲ್ಲ, ಹೂಡಿಕೆಯಾಗಿ ಬರುತ್ತದೆ. ಇದು ಕಾರಂತರ ಮೊದಲನೆಯ ಸೂಕ್ಷ್ಮದೃಷ್ಟಿ.

ಎರಡನೆಯದು ಇದಕ್ಕಿಂತಲೂ ಆಳವಾದುದು. ಹೂಡಿದ ಹಣವು ಯಾರ ಬೆವರಿನದು? ಪುರೋಹಿತನ ದಕ್ಷಿಣೆಯಿಂದಲೇ ಆ ಸಂಸಾರವು ನಡೆಯುತ್ತಿರಲಿಲ್ಲ. ಐತಾಳನ ಹೆಂಡತಿ ಪಾರೋತಿಯೂ ವಿಧವೆಯಾದ ತಂಗಿ ಸರಸೋತಿಯೂ ಗದ್ದೆಯ ಕೆಸರಿನಲ್ಲಿ, ಉಪ್ಪುನೀರಿನ ಅಂಚಿನಲ್ಲಿ ದುಡಿದ ದುಡಿಮೆಯನ್ನು ಕಾರಂತರು ಪುಟಪುಟಗಳಲ್ಲಿ ವಿವರಿಸುವರು. ಓದುಗರಲ್ಲಿ ಕೆಲವರಿಗೆ ಈ ವಿವರಗಳು ದೀರ್ಘವೆಂದು ತೋರಬಹುದು. ನನ್ನ ಮಟ್ಟಿಗೆ ಅವೇ ಗ್ರಂಥದ ಹೃದಯ. ಕಾರಣವೇನೆಂದರೆ, ಲಚ್ಚನ ಶಾಲೆಯ ಸಂಬಳವು ಈ ಪುಟಗಳಿಂದ ಬಂದುದು. ಮಳೆಯಲ್ಲಿ ನೆನೆದ ಇಬ್ಬರು ಹೆಂಗಸರ ಬೆನ್ನ ಮೇಲೆ ಒಬ್ಬ ಹುಡುಗನ ಪುಸ್ತಕದ ಚೀಲವು ನಿಂತಿದೆ ಎಂಬುದನ್ನು ಕಾರಂತರು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ತಪ್ಪದೆ ಬರೆಯುವರು. ಲಚ್ಚನು ಕಲಿತುದರಿಂದ ಮನೆಗೆ ಬಂದುದು ಕಾಸಲ್ಲ, ಕೇಡು. ಆಸ್ತಿಯು ಅವನ ಕೈಯಲ್ಲಿ ಕರಗುವುದು. ಉಳಿದ ಭಾರವು ಮತ್ತೊಬ್ಬ ಹೆಣ್ಣಿನ, ಎಂದರೆ ಅವನ ಹೆಂಡತಿ ನಾಗವೇಣಿಯ ತಲೆಯ ಮೇಲೆ ಬೀಳುವುದು. ಮಗ ರಾಮನನ್ನು ಓದಿಸುವವಳೂ ಅವಳೇ. ಮಿತಾಕ್ಷರಾ ನ್ಯಾಯದಂತೆ ಅಣ್ಣತಮ್ಮಂದಿರಿಗೆ ಪಾಲುಂಟು. ಪಾರೋತಿಗೆ, ಸರಸೋತಿಗೆ ಯಾವ ಪಾಲು? 1930ರ ಕಾಯಿದೆಯಂತೆ ಅಣ್ಣತಮ್ಮಂದಿರಿಗೂ ಇಲ್ಲ. ಹಳೆಯ ಶಾಸ್ತ್ರವೂ ಹೊಸ ಶಾಸನವೂ ಕಾಣದೆ ಹೋದ ಈ ಸಾಲಗಾರ್ತಿಯರನ್ನು, ಎಂದರೆ ಸಾಲ ಕೊಟ್ಟವರನ್ನು, ಕಾಣಿಸಿದುದು ಕಾದಂಬರಿಯೇ.

ಮೂರನೆಯ ತಲೆಯಲ್ಲಿ ವಿದ್ಯೆಯು ಶುದ್ಧವಾಗುತ್ತದೆ, ಆದರೆ ನಿಷ್ಫಲವಾಗುತ್ತದೆ. ರಾಮನು ದುರ್ವ್ಯಸನಿಯಲ್ಲ, ಕಲೆಯನ್ನು ಬಲ್ಲವನು, ದೇಶಾಭಿಮಾನಿ. ಆದರೂ ಪದವಿಯನ್ನು ಹಿಡಿದುಕೊಂಡು ಮುಂಬಯಿಯವರೆಗೆ ಅಲೆದರೂ ಅವನಿಗೆ ನೆಲೆಯಿಲ್ಲ. 1929ರ ಅನಂತರ ಜಗತ್ತಿನ ಪೇಟೆಗಳು ಕುಸಿದು ನಮ್ಮ ಬತ್ತದ ಬೆಲೆಯೂ ಬಿದ್ದ ಕಾಲವನ್ನು ಬಲ್ಲವರಿಗೆ ಇಂತಹ ಪದವೀಧರನ ಸ್ಥಿತಿಯು ಅಪರಿಚಿತವಲ್ಲ. ಕಾಣದ ದೇಶದ ಪೇಟೆಯಲ್ಲಿ ಆದ ಕುಸಿತವು ಕಡಲತಡಿಯ ಮನೆಯ ಹುಡುಗನ ಓದಿನ ಬೆಲೆಯನ್ನು ನಿರ್ಧರಿಸುವುದು. ಇದಕ್ಕೇ ಅಲ್ಲವೇ ಇಂದು ನಾವು ಜಾಗತೀಕರಣವೆನ್ನುವುದು?

ಇನ್ನು ದೋಷವನ್ನೂ ಹೇಳಬೇಕು. ರಾಮನು ಮಣ್ಣಿಗೆ ಮರಳುವುದು ಹೃದ್ಯವಾಗಿದೆ. ಆದರೆ ಅದು ಮಣ್ಣಿನ ಕರೆಯಾಗಿ ನಮ್ಮ ಮನಸ್ಸಿನಲ್ಲಿ ನಿಲ್ಲುವಷ್ಟು, ವಿದ್ಯೆಯ ಋಣವನ್ನು ತೀರಿಸುವ ಕರ್ತವ್ಯವಾಗಿ ನಿಲ್ಲುವುದಿಲ್ಲ. ಪದವೀಧರನು ಮರಳಿದುದರಿಂದ ಮಣ್ಣಿಗೆ ಏನಾಯಿತು ಎಂಬ ಪ್ರಶ್ನೆಗಿಂತ, ಮಣ್ಣಿನಿಂದ ಅವನಿಗೇನಾಯಿತು ಎಂಬುದೇ ಮುಂದಾಗುತ್ತದೆ. ಮತ್ತೊಂದು ಮಾತು. ಮರಳುವುದಕ್ಕೆ ಮಣ್ಣಿದ್ದವನು ಮಾತ್ರ ಮರಳಬಲ್ಲನು. ತುಂಡು ನೆಲಕ್ಕಾಗಿ ಹಂಬಲಿಸಿ ಸತ್ತವನ ಕಥೆಯನ್ನು ಕಾರಂತರೇ 1933ರ ‘ಚೋಮನ ದುಡಿ’ಯಲ್ಲಿ ಬರೆದಿರುವುದರಿಂದ, ಅವರು ಇದನ್ನು ಅರಿಯದವರೆನ್ನಲಾಗದು, ಈ ಗ್ರಂಥದಲ್ಲಿ ಅದನ್ನು ತೂಗಲಿಲ್ಲವೆಂದಷ್ಟೇ ಹೇಳಬಹುದು. ಸೋಜಿಗವೆಂದರೆ, ಕಾದಂಬರಿಯು ಕೊಡದ ಉತ್ತರವನ್ನು ಕಾದಂಬರಿಕಾರರ ಬಾಳು ಕೊಟ್ಟಿತು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ಬಿಟ್ಟ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಬರೆದರು.

ಕಾರಂತರ ಹೋಟೆಲಿನಿಂದ ಶಾನಭಾಗರ ಮಸಾಲೆಗೆ ಹೋಗುವ ದಾರಿಯನ್ನು ಚರಿತ್ರೆಯೇ ಹಾಕಿಕೊಟ್ಟಿದೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಅಲ್ಲಿ ಒಂದು ಹೋಟೆಲನ್ನಿಟ್ಟರು; ಅದು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. 1970ರ ದಶಕದಲ್ಲಿ ಅಡುಗೆಮನೆಯ ಹದವು ಪೊಟ್ಟಣವನ್ನು ಸೇರಿ ಅಂಗಡಿಗಳಿಗೆ ಹೋಯಿತು. 2007ರಲ್ಲಿ ಆ ಪೊಟ್ಟಣದ ವ್ಯವಹಾರವನ್ನು ನಾರ್ವೆ ದೇಶದ ಆರ್ಕ್ಲಾ ಕಂಪನಿಯು ಕೊಂಡುಕೊಂಡಿತು. ಹೋಟೆಲು ಮನೆತನದವರಲ್ಲಿಯೇ ಉಳಿಯಿತು. ಕಡಲತಡಿಯ ಒಲೆಯಿಂದ ಉತ್ತರಧ್ರುವದ ನೆರೆಯ ದೇಶದ ಲೆಕ್ಕಪುಸ್ತಕಕ್ಕೆ ಎಂಬತ್ತಮೂರು ವರ್ಷದ ಪ್ರಯಾಣ. ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ; ಕೈಯ ಕಸುಬು ಪೊಟ್ಟಣವಾಗಿ ಪೇಟೆಗೆ ಹೋದಾಗ ಮನೆಯೊಳಗೆ ಏನಾಗುವುದೆಂಬ ಪ್ರಶ್ನೆಯು ಕಥೆಗಾರನಿಗೆ ಸಹಜವಾಗಿಯೇ ಹೊಳೆಯುವಂತಹುದು ಎನ್ನುತ್ತೇನೆ.

‘ಘಾಚರ್ ಘೋಚರ್’ ಕಥೆಯ ಮನೆಯು 1991ರ ಆರ್ಥಿಕ ನೀತಿಯ ಅನಂತರದ ಬೆಂಗಳೂರಿನ ಮನೆಗಳಿಗೆ ಪ್ರತಿನಿಧಿಯೆಂದು ಎಲ್ಲರೂ ಒಪ್ಪುವರು. ಅಪ್ಪನು ಚಹಾ ಮಾರಾಟದ ಏಜೆಂಟನಾಗಿದ್ದವನು, ಕಷ್ಟದ ದಿನಗಳು. ಒಂದು ಸಂಜೆ ಅವನ ಮಾರಾಟದ ಲೆಕ್ಕ ತಾಳೆಯಾಗದೆ ಹೋದಾಗ ಮನೆಮಂದಿಯೆಲ್ಲರೂ ಕೂಡಿ ಕುಳಿತು ತಪ್ಪನ್ನು ಹುಡುಕುವ ಪ್ರಕರಣವು ಬಹು ಸೊಗಸಾಗಿದೆ. ಬಡತನದಲ್ಲಿ ಆ ಮನೆಯು ಲೆಕ್ಕವನ್ನು ಕೂಡಿ ನೋಡುತ್ತಿತ್ತು. ಅನಂತರ ಅಪ್ಪನ ಕೆಲಸ ಹೋಗುವುದು. ಚಿಕ್ಕಪ್ಪನು ಸೋನಾ ಮಸಾಲಾ ಎಂಬ ವ್ಯಾಪಾರವನ್ನು ತೆಗೆಯುವನು. ಕೇರಳದಿಂದ ಸಗಟು ಮಸಾಲೆಯನ್ನು ತರಿಸಿ ಸಣ್ಣ ಪೊಟ್ಟಣಗಳಲ್ಲಿ ತುಂಬಿ ಅಂಗಡಿಗಳಿಗೆ ಮಾರುವ ವ್ಯವಹಾರವದು. ಹಣವು ಬರುವುದು. ಲೆಕ್ಕವನ್ನು ಕೇಳುವುದು ನಿಲ್ಲುವುದು. ಕಥೆಯನ್ನು ಹೇಳುವ ಮಗನಿಗೆ ಹುದ್ದೆಯುಂಟು, ಕೆಲಸವಿಲ್ಲ.

ಈ ಮನೆಯು ನೋಡುವುದಕ್ಕೆ ಹಳೆಯ ಅವಿಭಕ್ತ ಕುಟುಂಬವೇ. ಒಬ್ಬನು ಗಳಿಸುವನು, ಎಲ್ಲರೂ ಉಣ್ಣುವರು. ವಿಜ್ಞಾನೇಶ್ವರನು ನೋಡಿದ್ದರೆ ಮೆಚ್ಚಬೇಕಾಗಿತ್ತೋ ಏನೋ! ಆದರೆ ಅವಿಭಕ್ತ ಕುಟುಂಬದ ಹೊರಕವಚ ಮಾತ್ರ ಉಳಿದಿದೆ, ಒಳಗಿನ ಧರ್ಮವು ಹೋಗಿದೆ. ಕೂಡಿ ದುಡಿಯುವುದರಿಂದ ಕಟ್ಟಿದ ಒಗ್ಗಟ್ಟು ಇದಲ್ಲ. ಗಳಿಸುವವನನ್ನು ಕಾಯುವುದರಿಂದ ಕಟ್ಟಿದ ಒಗ್ಗಟ್ಟು. ಚಿಕ್ಕಪ್ಪನನ್ನು ಕೇಳಿಕೊಂಡು ಬಂದ ಒಬ್ಬ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಿನಿಂದ ಬೈದು ಅಟ್ಟುವ ಪ್ರಕರಣದಲ್ಲಿ ಈ ಒಗ್ಗಟ್ಟಿನ ಕ್ರೌರ್ಯವು ಬಯಲಾಗುವುದು. ಆ ಅನ್ಯಾಯವನ್ನು ಆಕ್ಷೇಪಿಸುವವಳೂ, ದುಡಿಯದ ಗಂಡನನ್ನು ಪ್ರಶ್ನಿಸುವವಳೂ ಸೊಸೆಯಾಗಿ ಬಂದ ಅನಿತಾ ಒಬ್ಬಳೇ. ನಾಗವೇಣಿಯು ಗಂಡನ ಕೇಡನ್ನು ಸಹಿಸಿ ಮಗನನ್ನು ಬೆಳೆಸಿದಳು. ಅನಿತಾ ಸಹಿಸದೆ ಕೇಳಿದಳು. ಕೇಳಿದವಳಿಗೆ ಏನಾಯಿತೆಂಬುದನ್ನು ಶಾನಭಾಗರು ಹೇಳದೆ ಬಿಟ್ಟು, ಓದುಗನ ಎದೆಯಲ್ಲಿ ಒಂದು ಭಯವನ್ನು ಇಟ್ಟು ಕಥೆಯನ್ನು ಮುಗಿಸುವರು. ಅಲ್ಪದರಲ್ಲಿ ಅನಲ್ಪವನ್ನು ಧ್ವನಿಸುವ ಈ ಕೌಶಲವು ಧ್ವನಿಸಿದ್ಧಾಂತವನ್ನು ಓದಿದ ನಮ್ಮಂತಹವರಿಗೆ ವಿಶೇಷ ಸಂತೋಷವನ್ನು ಕೊಡತಕ್ಕುದು.

ಈ ಎರಡು ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣುವುದೇನು? ಮೊದಲನೆಯದರಲ್ಲಿ ವಿದ್ಯೆಯು ಮನೆಯಿಂದ ಹೊರಟುಹೋಗುವುದು. ಮನೆಯ ಋಣವು ತೀರುವುದಿಲ್ಲ. ಎರಡನೆಯದರಲ್ಲಿ ಹಣವು ಮನೆಗೆ ಬರುವುದು. ಅದನ್ನು ಅಳೆಯುವ ವಿವೇಕವು ಬರುವುದಿಲ್ಲ. ಅಲ್ಲಿ ಅರ್ಥವಿಲ್ಲದ ವಿದ್ಯೆ, ಇಲ್ಲಿ ವಿದ್ಯೆಯಿಲ್ಲದ ಅರ್ಥ. ಶಾನಭಾಗರ ಕಥೆಯಲ್ಲಿ ವಿದ್ಯೆಯು ಚಾಲಕಶಕ್ತಿಯೇ ಅಲ್ಲವೆಂಬುದು ಆಕಸ್ಮಿಕವಲ್ಲ. ಪೇಟೆಯು ಕೊಡುವ ಬೆಲೆಯೇ ಯೋಗ್ಯತೆಯೆಂದು ನಂಬಿದ ಸಮಾಜದಲ್ಲಿ ಶಾಲೆಯು ಪೇಟೆಗೆ ಹೋಗುವ ಒಂದು ದಾರಿ ಮಾತ್ರ. ಹತ್ತಿರದ ದಾರಿ ಸಿಕ್ಕಿದವನಿಗೆ ಅದರ ಅಗತ್ಯವೇನು?

ಹಾಗಾದರೆ ವಿದ್ಯೆಗೂ ಹಣಕ್ಕೂ ಧರ್ಮ್ಯವಾದ ಸಂಬಂಧವನ್ನು ನಮ್ಮವರು ಕಲ್ಪಿಸಿಯೇ ಇಲ್ಲವೇ? ಕಲ್ಪಿಸಿದ್ದುಂಟು, ಅದೂ ಇದೇ ಕರಾವಳಿಯಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹುಡುಗಿಯರ ಶಾಲೆಯನ್ನೂ ಸ್ಥಾಪಿಸಿ, ಅನಂತರ 1906ರಲ್ಲಿ ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಶಾಲೆಯು ಮೊದಲು, ಬ್ಯಾಂಕು ಆಮೇಲೆ ಎಂಬ ಕ್ರಮವನ್ನು ಗಮನಿಸಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿ ಉಳಿತಾಯವನ್ನು ಸಂಗ್ರಹಿಸಿತು. ಅದನ್ನು ಕಟ್ಟಿದವರ ಮುಂದಾಳುತನದಲ್ಲಿಯೇ 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಎದ್ದಿತು. ಕೂಡಿಟ್ಟ ಕಾಸು ಶಾಲೆಯಾಗುವುದು, ಶಾಲೆಯಿಂದ ಮತ್ತೆ ಕಾಸಾಗುವುದು ಎಂಬ ಈ ಚಕ್ರದಲ್ಲಿ ಊರಿಗೂ ಪಾಲಿತ್ತು. ನಮ್ಮ ಕಾದಂಬರಿಗಳ ಕಣ್ಣು ಹೋಟೆಲಿನ ಮೇಲೆ ನಿಂತಷ್ಟು ಈ ಚಕ್ರದ ಮೇಲೆ ನಿಲ್ಲಲಿಲ್ಲವೆಂಬುದು ನನ್ನ ಕೊರಗು. ಈಗ ಆ ಚಕ್ರದ ಗುರುತುಗಳೂ ಅಳಿಯುತ್ತಿವೆ. ಈ ಜಿಲ್ಲೆಗಳಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು.

ಕಾಲವು ಇನ್ನೂ ಒಂದು ಬದಲಾವಣೆಯನ್ನು ತಂದಿತು. 1974ರ ಭೂಸುಧಾರಣೆಯಿಂದ ಗೇಣಿದಾರನು ಉತ್ತ ನೆಲಕ್ಕೆ ಒಡೆಯನಾದನು. ಅದು ನ್ಯಾಯವೇ ಆಯಿತು. ಗೇಣಿಯನ್ನು ನಂಬಿದ್ದ ಮನೆಗಳಿಗೆ ಮಾತ್ರ ಅಂದಿನಿಂದ ಮಕ್ಕಳ ಓದೇ ಗದ್ದೆ. ಮುಂಬಯಿ, ಬೆಂಗಳೂರು, ಕೊಲ್ಲಿಯ ನಾಡುಗಳು, ಅಮೆರಿಕ ಎಂದು ಬೆಳೆಯು ದೂರದೂರದಲ್ಲಿ ಕೊಯ್ಲಾಗತೊಡಗಿತು. ಉತ್ತವನ ಮಕ್ಕಳೂ ಓದಿ ಅದೇ ದಾರಿಯನ್ನು ಹಿಡಿದರು. ಅದರಲ್ಲಿ ತಪ್ಪೇನಿಲ್ಲ; ಹಸಿವನ್ನು ಕಳೆದ ವಿದ್ಯೆಯನ್ನು ಹೊಟ್ಟೆತುಂಬಿದವರು ಹಳಿಯಬಾರದು. ಆದರೆ 2007ರಲ್ಲಿ ನಮ್ಮ ಸಂಸತ್ತು ವೃದ್ಧ ತಂದೆತಾಯಿಗಳನ್ನು ಮಕ್ಕಳು ಪೋಷಿಸಲೇಬೇಕೆಂದು ವಿಧಿಸುವ ಕಾಯಿದೆಯೊಂದನ್ನು ಮಾಡಬೇಕಾಯಿತು. ಓದಿದವನ ಗಳಿಕೆಯು ಓದಿದವನದೇ ಎಂದ 1930ರ ಕಾಯಿದೆಗೂ, ಅದರಲ್ಲಿ ಹೆತ್ತವರಿಗೆ ಅನ್ನವಿಡು ಎಂದ 2007ರ ಕಾಯಿದೆಗೂ ನಡುವಣ ಎಪ್ಪತ್ತೇಳು ವರ್ಷಗಳಲ್ಲಿ ನಮ್ಮ ಸಮಾಜದ ಅರ್ಥಚರಿತ್ರೆಯೇ ಅಡಗಿದೆ. ಮೊದಲನೆಯ ಕಾಯಿದೆಯು ಬಿಡುಗಡೆ. ಎರಡನೆಯದು ಆ ಬಿಡುಗಡೆಯ ಬಡ್ಡಿ.

ಸಿದ್ಧಾಂತವೇನೆಂದರೆ: ವಿದ್ಯಾಧನವು ಯಾರದು ಎಂಬ ಪ್ರಶ್ನೆಗೆ ಸೊತ್ತಿನ ಭಾಷೆಯಲ್ಲಿ ಉತ್ತರವಿಲ್ಲ. ಅಣ್ಣತಮ್ಮಂದಿರದು ಎಂದರೆ ಸರಸೋತಿಯು ಹೊರಗುಳಿಯುವಳು; ಓದಿದವನದು ಎಂದರೆ ಮನೆಯೇ ಹೊರಗುಳಿಯುವುದು. ನಮ್ಮ ಹಿರಿಯರು ವಿದ್ಯೆಯನ್ನು ಮತ್ತೊಂದು ಭಾಷೆಯಲ್ಲಿಯೂ ಹೇಳಿದ್ದರು. ಅದು ಋಣದ ಭಾಷೆ. ಮನುಷ್ಯನು ಹುಟ್ಟುವಾಗಲೇ ಹೊತ್ತುಬರುವ ಮೂರು ಋಣಗಳಲ್ಲಿ ಋಷಿಋಣವೆಂಬುದೊಂದು. ಅಧ್ಯಯನವು ಆ ಸಾಲದ ತೀರುವಳಿ. ಹಾಗಾದರೆ ಓದುವುದೆಂದರೆ ಸೊತ್ತನ್ನು ಸಂಪಾದಿಸುವುದಲ್ಲ, ಸಾಲವನ್ನು ತೀರಿಸತೊಡಗುವುದು. ಆ ಋಷಿಗಳ ಪಟ್ಟಿಯಲ್ಲಿ ಗುರುಗಳ ಜೊತೆಗೆ ಪಾರೋತಿ ಸರಸೋತಿಯರ ಹೆಸರನ್ನೂ, ತೆರಿಗೆ ಕೊಟ್ಟು ಸರ್ಕಾರಿ ಶಾಲೆಯನ್ನು ನಡೆಸಿದ ಊರವರ ಹೆಸರನ್ನೂ ಸೇರಿಸಿಕೊಳ್ಳಬೇಕಾದುದು ಈ ಕಾಲದ ಕೆಲಸ.

ಈ ಋಣವನ್ನು ತೀರಿಸಲು ಎಲ್ಲರೂ ಊರಿಗೆ ಮರಳಬೇಕೆಂದಿಲ್ಲ. ಮರಳುವುದು ಎಲ್ಲರಿಗೂ ಸಾಧ್ಯವೂ ಅಲ್ಲ. ದೂರದಲ್ಲಿದ್ದವನು ಊರಿನ ಶಾಲೆಯ ಮಾಡನ್ನು ಹೊದಿಸಬಲ್ಲನು, ಒಬ್ಬ ಬಡಹುಡುಗಿಯನ್ನು ಓದಿಸಬಲ್ಲನು, ತಾಯಿಯ ಲೆಕ್ಕವನ್ನು ಅವಳ ಬಾಯಿಂದಲೇ ಕೇಳಬಲ್ಲನು. ಹಾಗೆ ಕೇಳುವ ಅಭ್ಯಾಸವನ್ನು ಓದುಗರಲ್ಲಿ ಹುಟ್ಟಿಸುವುದೇ ಇಂತಹ ಕಥಾಗ್ರಂಥಗಳ ಪ್ರಯೋಜನ. ಆದುದರಿಂದ ವಾಚಕ ಮಹಾಶಯರು ‘ಮರಳಿ ಮಣ್ಣಿಗೆ’ಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಮೊದಲ ಓದಿನಲ್ಲಿ ದೀರ್ಘವೆಂದು ಹಾರಿಸಿದ್ದಿರಬಹುದಾದ ಗದ್ದೆಗೆಲಸದ ಪುಟಗಳನ್ನು ಈ ಸಾರಿ ನಿಧಾನವಾಗಿ ಓದಬೇಕೆಂದು ನನ್ನ ಬಿನ್ನಹ. ‘ಘಾಚರ್ ಘೋಚರ್’ ಅನ್ನು ಅದರ ಬೆನ್ನಿಗೇ ಓದಿದರೆ, ನಮ್ಮ ಮನೆಯ ಲೆಕ್ಕವನ್ನು ನಾವು ಕೊನೆಯ ಸಲ ಕೂಡಿ ಕುಳಿತು ನೋಡಿದುದು ಯಾವಾಗ ಎಂಬ ಪ್ರಶ್ನೆಯು ತಾನಾಗಿಯೇ ಏಳುವುದು. ಅಷ್ಟಾದರೆ ಈ ಎರಡು ಗ್ರಂಥಗಳನ್ನು ಓದಿದುದು ಸಾರ್ಥಕವಾಯಿತೆಂದು ತಿಳಿಯತಕ್ಕುದು.